ಬೆನ್ನಿಗೊಂದು ಜೇಬು

ಇಪ್ಪತ್ತು ವರ್ಷ ಬೈದಿದ್ದೇನೆ ಆ ಗೊರಕೆಯನ್ನು.
ಗೇರು ಬೀಳದ ಹಳೇ ಬಸ್ಸಿನಂತೆ, ರಸ್ತೆ ಮೇಲೆ ಎಳೆದ ತಗಡಿನಂತೆ.
ಲಗ್ಗೆರೆಯ ಒಂದೂವರೆ ಕೋಣೆಯಲ್ಲಿ
ಸ್ಟ್ಯಾಂಡಿನ ಲೋಟಗಳೂ ಮಗ್ಗುಲು ಬದಲಿಸುತ್ತಿದ್ದವು.

ಒಂದು ರಾತ್ರಿ ನಿಂತಿತು.
ಅಬ್ಬ, ಎಂದು ಕಣ್ಣು ಮುಚ್ಚಿದೆ.
ಮುಚ್ಚಿದವಳು ತೆರೆದೆ:
ನಿಂತದ್ದು ಗೊರಕೆಯಲ್ಲ, ಉಸಿರು.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ನನ್ನದು ಎಣಿಸುವ ಕೆಲಸ.
ಕತ್ತಲಲ್ಲೂ ಬೆರಳು ತಾನೇ ಎಣಿಸಿತು:
ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು...
ಬಾವಿಯಿಂದ ಕೊಡ ಮೇಲೆದ್ದಂತೆ
ಒಂದು ಗುಟುಕು ಗಾಳಿ, ಕಾಲು ಝಾಡಿಸಿ, ಮತ್ತೆ ಗೊರಕೆ.
ಬೆಳಿಗ್ಗೆ ಕೇಳಿದರೆ
"ಒಳ್ಳೇ ನಿದ್ದೆ ಕಣೇ" ಎಂದ.

ಅಂಥ ಒಳ್ಳೇ ನಿದ್ದೆಯವನು
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸ್ಟೀರಿಂಗ್ ಹಿಡಿದೇ ತೂಕಡಿಸಿದ.
ಹಸಿರು ಬಂತು, ಹೋಯಿತು, ಮತ್ತೆ ಕೆಂಪು.
ಬೆನ್ನ ಹಿಂದೆ ಅರವತ್ತು ಜನ.
ಕಂಡಕ್ಟರಮ್ಮ ವಿಸಿಲ್ ಊದಿ ಊದಿ ಎಬ್ಬಿಸಿದಳಂತೆ.
ಇದನ್ನು ನನಗೆ ಹೇಳಿದ್ದು ಎರಡು ವಾರ ಬಿಟ್ಟು,
ಎಂದೂ ಇಲ್ಲದೆ ಈರುಳ್ಳಿ ಹೆಚ್ಚಿಕೊಡಲು ಕೂತು.

ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು.
ಗಂಟೆಗೆ ಮೂವತ್ತೊಂದು ಸಲ, ಅಂದರು ಡಾಕ್ಟರು.
ನನ್ನ ಲೆಕ್ಕ ಇಪ್ಪತ್ತೊಂಬತ್ತು;
ನನಗೂ ಜೊಂಪು ಹತ್ತುತ್ತದಲ್ಲ.
ಮೂಗಿಗೆ ಹಾಕುವ ಮಿಷಿನ್ನು ಬರೆದುಕೊಟ್ಟು
ಪೆನ್ನು ಮುಚ್ಚದೆಯೇ ಹೇಳಿದರು:
ಹೊಟ್ಟೆ ಇಳಿಸಿ, ರಾತ್ರಿಯ ಕ್ವಾರ್ಟರು ಬಿಡಿ,
ಅಂಗಾತ ಮಲಗಬೇಡಿ, ದಿನಾ ನಡೆಯಿರಿ.
"ದಿನಾ ನೂರಿಪ್ಪತ್ತು ಕಿಲೋಮೀಟರ್ ಹೋಗ್ತೀನಿ ಸಾರ್."
"ಹೋಗೋದು ಬಸ್ಸು, ಹೊನ್ನಗಂಗಯ್ಯನವರೇ."

ಮಿಷಿನ್ನಿನ ಬಿಲ್ಲು ಪಾಸಾಗಲು ತಿಂಗಳುಗಳು.
ಅಲ್ಲಿಯವರೆಗೆ ಸ್ಟೀರಿಂಗ್ ಬೇಡವೆಂದು
ಡಿಪೋದಲ್ಲಿ ರಿಜಿಸ್ಟರ್ ಮುಂದೆ ಕೂರಿಸಿದರು.

ನಾನು ಅವನ ಹಳೇ ಬನಿಯನ್ನಿನ ಬೆನ್ನಿಗೆ
ಒಂದು ಜೇಬು ಹೊಲಿದೆ, ಡಬಲ್ ಹೊಲಿಗೆ;
ಒಳಗೆ ಬೀದಿ ಹುಡುಗರ ಟೆನಿಸ್ ಚೆಂಡು.
ಲಕ್ಷ ಜೇಬು ಎಣಿಸಿದ್ದೇನೆ ಎಕ್ಸ್‌ಪೋರ್ಟಿಗೆ,
ಉಸಿರಿಗೆಂದು ಹೊಲಿದದ್ದು ಇದೊಂದೇ.
ಅಂಗಾತ ಹೊರಳಿದಾಗೆಲ್ಲ
ಚೆಂಡನ್ನೂ ನನ್ನನ್ನೂ ಸೇರಿಸಿ ಬೈದ.

ಬೆಳಗಿನ ಐದೂವರೆಗೆ ನಂದಿನಿ ಲೇಔಟಿನ ಪಾರ್ಕು.
ಮೊದಲ ದಿನ ಅರ್ಧ ಸುತ್ತಿಗೇ ಕೂತ.
ಕಲ್ಲುಬೆಂಚುಗಳಿಗೆಲ್ಲ ಸ್ಟಾಪಿನ ಹೆಸರಿಟ್ಟ:
ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಹೌಸಿಂಗ್ ಬೋರ್ಡು.
ಪ್ರತಿ ಸ್ಟಾಪಿಗೂ ನಿಲ್ಲುತ್ತಿದ್ದ ಗಾಡಿ
ಈಗ ನಾಲ್ಕು ಸುತ್ತು, ನಾನ್‌ಸ್ಟಾಪ್.

ನಡುವೆ ಷಡ್ಡಕನ ಮನೆಯ ಬಾಡೂಟ.
ಅವತ್ತು ರಾತ್ರಿ ಎಣಿಸಲಿಲ್ಲ ನಾನು,
ಗೋಡೆಗೊರಗಿ ಕೂತಿದ್ದೆ.

ಗಂಟಲಿಗೂ ಕಸರತ್ತಿದೆಯಂತೆ, ಸ್ವರಗಳನ್ನು ಎಳೆದೆಳೆದು ಹೇಳಬೇಕಂತೆ.
ಪಕ್ಕದ ಮನೆಯ ಮೆಹಕ್, ಯುಕೆಜಿ,
ಸಂಜೆ ಮೆಟ್ಟಿಲ ಮೇಲೆ ಟೀಚರು.
ಅವಳ ಸ್ಲೇಟು, ಇವನ ಬಾಯಿ:
ಆ... ಈ... ಊ...
"ಅಂಕಲ್, ಇನ್ನೂ ದೊಡ್ಡದಾಗಿ!"

ಏಳು ಕೆಜಿ ಇಳಿದಿದ್ದಾನೆ. ಮಿಷಿನ್ನು ನಾಳೆ ಬರುತ್ತದೆ;
ಬರಲಿ, ಇನ್ನೂ ಬೇಕೇ ಬೇಕು.
ನಿನ್ನೆ ರಾತ್ರಿ ಎಣಿಸಲು ಕೂತೆ.
ಅಂ, ಎಂದು ಮುಚ್ಚಿತು ಗಂಟಲು.
ಐದು, ಆರು, ಏಳು...
ಅಃ, ಎಂದು ಬಿಟ್ಟಿತು.
ಮತ್ತೊಮ್ಮೆ ಅಂ.
ಆಮೇಲಿನ ಲೆಕ್ಕ ಗೊತ್ತಿಲ್ಲ, ನಿದ್ದೆ ಬಂದುಬಿಟ್ಟಿತ್ತು.
ನಾನೂ ಗೊರೆದೆನಂತೆ;
ಬೆಳಿಗ್ಗೆ ಅವನೇ ಹೇಳಿದ.