ಮೂವತ್ತೆರಡು ರೂಪಾಯಿ ಕಿಲೋ

ಹೆಂಚಿನ ಕಾರ್ಖಾನೆಯ ಗೋಡೆ ಬಿದ್ದ ಮಾರನೇ ದಿನ
ಯಶವಂತಪುರದಿಂದ ಫೋನು: ಭಾರೀ ಮಾಲೊಂದಿದೆ ರತ್ನಕ್ಕ,
ಕ್ರೇನಿನವನೇ ಒಲ್ಲೆ ಅಂದ, ಬಂದು ನೋಡು.
ಹೋದೆ.

ಎಕ್ಕದ ಗಿಡ ಎದೆಯೆತ್ತರ. ಅದರ ನಡುವೆ
ಕುತ್ತಿಗೆ ಚಾಚಿ, ಬಾಯಿ ತೆರೆದು, ಒಂದು ಉಗಿ ಗುದ್ದಲಿ.
ಸೌಟಿನ ತುಂಬ ಮಳೆನೀರು, ನೀರಲ್ಲಿ ಗೊದಮೊಟ್ಟೆ,
ಒಲೆಯ ಬಾಯೊಳಗೆ ಬೆಕ್ಕು ಮರಿ ಹಾಕಿತ್ತು.
ಇಪ್ಪತ್ತು ಟನ್ನು, ಕಣ್ಣಂದಾಜು. ಕಿಲೋಗೆ ಮೂವತ್ತೆರಡು.
ಮುಂಗಡ ಎಣಿಸಿ ಕೊಟ್ಟೆ.
ಗುಜರಿ ಕಸುಬಲ್ಲಿ ವಸ್ತುವಿಗೆ ಹೆಸರಿರುವುದಿಲ್ಲ.
ಬೀಡು, ಉಕ್ಕು, ತಾಮ್ರ, ಹಿತ್ತಾಳೆ,
ಅಷ್ಟರಲ್ಲಿ ಲೋಕ ಮುಗಿಯುತ್ತದೆ.

ಗ್ಯಾಸ್ ಕಟರ್ ಹೊತ್ತು ಫಯಾಜು ಬಂದ. ಕೂತ. ಬೀಡಿ ಹಚ್ಚಿದ.
ಎಲ್ಲಿಂದ ಶುರು ಮಾಡೋದಕ್ಕಾ ಇದನ್ನ, ಅಂದ,
ಇಡೀ ಕಾರನ್ನು ಊಟದ ಹೊತ್ತಿಗೆ ಬಿಡಿಸಿಡುವ ಹುಡುಗ.
ಸರಪಳಿ ಹಿಡಿದು ಹಲ್ಲುಚಕ್ರಕ್ಕೆ, ಚಕ್ರದಿಂದ ಪಿಸ್ಟನ್ನಿಗೆ,
ಅಲ್ಲಿಂದ ಬಾಯ್ಲರಿಗೆ ಬೆರಳಲ್ಲೇ ನಡೆದುಹೋದ,
ಮಗ್ಗಿ ಒಪ್ಪಿಸುವವನ ಹಾಗೆ.
ಈಗಿನವು ಎಲ್ಲಾ ಮುಚ್ಚಳ ಹಾಕ್ಕೊಂಡಿರ್ತವೆ ಅಕ್ಕ,
ಇದು ನೋಡು, ಕರುಳೆಲ್ಲ ಹೊರಗೇ ಇಟ್ಕೊಂಡಿದೆ.

ಸಂಜೆಗೆ ಚೌರಪ್ಪ ಬಂದರು, ಸೈಕಲ್ಲು ತಳ್ಳಿಕೊಂಡು, ಮತ್ತೀಕೆರೆಯಿಂದ.
ಎಂಬತ್ತೊಂದು. ಹದಿನೈದರಲ್ಲಿ
ಇದಕ್ಕೆ ಸೌದೆ ಉಣಿಸಿದ ಕೈ.
ಕತ್ತರಿಸಬೇಡಿ ಅನ್ನಲಿಲ್ಲ. ಕೇಳಿದ್ದು
ಒಂದು ಭಾನುವಾರ.

ಆ ಒಂದು ಭಾನುವಾರಕ್ಕೆ ಐದು ತಿಂಗಳು ಹಿಡಿಯಿತು.
ಕಲ್ಲಂಗಡಿ ಆರಿಸುವವರಂತೆ ಬಾಯ್ಲರನ್ನು ತಟ್ಟಿ ತಟ್ಟಿ
ಕಿವಿ ಇಟ್ಟು ಕೇಳಿದರು ತಾತ.
ಪೀಣ್ಯದಲ್ಲಿ ಕೊಳವೆ ಹೊಸದಾಯಿತು,
ಫಯಾಜು ಕಟರ್ ಇಟ್ಟು ವೆಲ್ಡಿಂಗ್ ರಾಡು ಹಿಡಿದ.
ಬೆಕ್ಕಿನ ಮರಿಗಳು ನಮ್ಮ ಕಾಟಾದ ಮೇಲೆ ಮಲಗಿ
ಇನ್ನೂರು ಗ್ರಾಂ, ಆರುನೂರು ಗ್ರಾಂ, ಹಾಗೇ ಬೆಳೆದವು.

ಬೆಳಗಿನ ಜಾವ ಐದು. ಚಕ್ರಕ್ಕೆ ನಿಂಬೆಹಣ್ಣು. ಸರ್ವೆ ಸೌದೆ.
ಅಜ್ಜಿಯ ಬಚ್ಚಲೊಲೆ ಉರಿಸಿದವಳು ನಾನು, ಗೊತ್ತು,
ಹಂಡೆ ಕುದಿಯುವ ಮುಂಚೆ ಗುನುಗುತ್ತದೆ.
ಇದೂ ಗುನುಗಿತು.
ಎರಡೂವರೆ ಗಂಟೆ ಕಾಯುವುದೇ ಕೆಲಸ.
ಮುಳ್ಳು ಏರುತ್ತಾ ಇರುತ್ತದೆ, ನೀನು ಟೀ ಕುಡಿಯುತ್ತಾ ಇರುತ್ತೀ,
ಬೆಂಕಿ ನೀರಿಗೆ ಏನು ಹೇಳುತ್ತಿದೆಯೋ ಹೇಳಿ ಮುಗಿಸಲಿ.

ಗೋಡೆಯಾಚೆ ಅಪಾರ್ಟ್‌ಮೆಂಟಿನ ಪಾಯ, ಜೆಸಿಬಿ,
ಅದರ ಸುತ್ತ ನಮ್ಮೂರ ಜನ:
ಹೆಲ್ಮೆಟ್ಟು ತೆಗೆಯದೆ, ಹಾಲಿನ ಪ್ಯಾಕೆಟ್ಟು ಬೆಚ್ಚಗಾಗುವವರೆಗೆ
ಅಗೆಯುವುದನ್ನು ನೋಡುತ್ತಾ ನಿಲ್ಲುವ ಜನ.
ಮಣ್ಣೊಳಗೆ ಏನಿದೆ ಅಂತ ಯಾರಿಗೆ ತಾನೇ ಇಲ್ಲ ಆಸೆ.
ಆಗ ತಾತ ಸೀಟಿಯ ಹಗ್ಗ ಎಳೆದರು.

ಒಂದು ತಲೆ ತಿರುಗಿತು. ಹತ್ತು ತಿರುಗಿದವು.
ಕೊನೆಗೆ ಜೆಸಿಬಿಯ ಹುಡುಗನೂ ಇಳಿದು ಬಂದು
ಬಿದ್ದ ಗೋಡೆಯ ಮೇಲೆ ಕೂತ.
ಬಿಳಿ ಉಸಿರು ಬಿಟ್ಟು, ಹೆಗಲು ನಡುಗಿಸಿ,
ಗಡಗಡ ಸರಪಳಿ ಬಿಚ್ಚಿ ಸೌಟು ಇಳಿಯಿತು,
ಮುದುಕಿ ನೆಲ ಹಿಡಿದು ಕೂರುವಷ್ಟು ನಿಧಾನ,
ಪ್ರತಿ ಹಲ್ಲೂ ಯಾಕೆ ತಿರುಗುತ್ತಿದೆ ಅಂತ
ಮಕ್ಕಳಿಗೂ ಕಾಣುವಷ್ಟು ನಿಧಾನ.
ಕಚ್ಚಿತು. ಮೇಲೆತ್ತಿತು.

ಒಂದೇ ಸೌಟು ಕೆಂಪು ಮಣ್ಣು. ಅದರಲ್ಲೊಂದು ಮುರಿದ ಹೆಂಚು,
ಹಸಿಯಿದ್ದಾಗ ನಾಯಿಯೊಂದು ತುಳಿದು ಹೋದದ್ದು,
ಹೆಜ್ಜೆಯ ಸಮೇತ ಸುಟ್ಟಿದ್ದರು.
ಚೌರಪ್ಪ ಪಂಚೆಯಲ್ಲಿ ಒರೆಸಿ, ಇದು ಮೋತಿದು, ಅಂದರು.
ಹೇಗೆ ಗೊತ್ತು ಅಂತ ಯಾರೂ ಕೇಳಲಿಲ್ಲ.

ಈಗಲೂ ಅಲ್ಲೇ ಇದೆ. ಜಾಗದವನಿಗೆ ತಿಂಗಳ ಬಾಡಿಗೆ,
ಸರಪಳಿಗೆ ಗ್ರೀಸು, ಎಲ್ಲ ನನ್ನ ಲೆಕ್ಕದಲ್ಲಿ.
ಯಾಕಿನ್ನೂ ಕತ್ತರಿಸಿಲ್ಲ ಅಂತ ಕೇಳಿದವರಿಗೆ
ಕಬ್ಬಿಣದ ರೇಟು ಏರಲಿ ಅಂತ ಕಾಯ್ತಿದೀನಿ ಅನ್ನುತ್ತೇನೆ.

ಎರಡು ಸಲ ಏರಿತು.