ಪಂಕ್ತಿ

ಲೇಖನ ಮುಗಿದು ಹನ್ನೊಂದು ದಿನವಾಯಿತು,
ಹೆಸರುಗಳ ಸಾಲು ಇನ್ನೂ ಖಾಲಿಯಿದೆ.

ಟಾರ್ಟುವಿನ ಈ ಕೋಣೆಯಲ್ಲಿ ಹೀಟರು ಕೆಮ್ಮುತ್ತದೆ.
ಕೊನೆಯ ಜಾಗ ಪ್ರೊಫೆಸರ್ ಟಾವೆಟ್ ಅವರದು;
ಬಡಿಸುವವರೆಲ್ಲ ಅವರ ಕಡೆಯವರು,
ಪಂಕ್ತಿಯ ತುದಿಗೆ ಕೂತರೂ ಎಲೆ ತುಂಬುತ್ತದೆ.
ಮೊದಲು ನಾನು. ನಡುವೆ ಇಂದ್ರೆಕ್:
ಒಂದು ಮಧ್ಯಾಹ್ನ, ಒಂದು ನಕ್ಷೆ, ಎರಡು ಕಾಫಿ.

ಫ್ಯೋಕ್ಲಾ ಕೋಲ್ಕ್ಯಾ ಊರಿನವಳು.
ಬೇಸಿಗೆಗೆ ಈರುಳ್ಳಿ ಗಡ್ಡೆ,
ಚಳಿಗಾಲಕ್ಕೆ ಪೈಪ್ಸಿಯ ಮಂಜುಗಡ್ಡೆ.
ಹತ್ತೊಂಬತ್ತು ವರ್ಷ, ಬೆಳಕು ಹರಿಯುವ ಮುನ್ನ
ಸರೋವರದ ಮೇಲೆ ನಡೆದು ಹೋಗಿ
ತೂತು ಕೊರೆದು, ಅಳತೆಗೋಲು ಇಳಿಬಿಟ್ಟು
ಬರೆದಳು, ಪೆನ್ಸಿಲಿನಲ್ಲಿ.
ಶಾಯಿ ಹೆಪ್ಪುಗಟ್ಟುತ್ತದೆ ಎಂದು ನನಗೆ ಕಲಿಸಿದ್ದೂ ಅವಳೇ.
ಅವಳ ಪುಸ್ತಕ ತೆರೆದರೆ ಈಗಲೂ
ಸಿಪ್ಪೆಯೊಂದು ಮೇಜಿಗೆ ಬೀಳುತ್ತದೆ.

ಕೃತಜ್ಞತೆಗಳಲ್ಲಿ ಹಾಕು, ಅಂದರು ಪ್ರೊಫೆಸರರು.
ಅನುದಾನ ಕೊಟ್ಟವರ ಕೆಳಗೆ,
ಪ್ರಿಂಟರು ರಿಪೇರಿ ಮಾಡಿದವನ ಮೇಲೆ.
ಅಳೆಯುವುದು ಬೇರೆ, ಯೋಚಿಸುವುದು ಬೇರೆ.
ಹೂಂ ಅಂದೆ.
ಹೂಂ ಅನ್ನಲು ಯೋಚನೆ ಬೇಕಿರಲಿಲ್ಲ.

ಆದರೆ ಮಾರ್ಚಿಯ ಗಡ್ಡೆ ದಪ್ಪವಿದ್ದೂ ಹುಸಿ ಅಂದವರು ಯಾರು?
ಬಿಳಿಯದು ಹೊರುವುದಿಲ್ಲ, ಕಪ್ಪು ಹೊರುತ್ತದೆ,
ಎರಡನ್ನೂ ಬೇರೆ ಬೇರೆ ಬರೆಯಬೇಕು ಅಂತ
ಯಾರೂ ಹೇಳದೆ ನಡುವೆ ಗೆರೆ ಎಳೆದವಳು ಅವಳು.
ಆ ಗೆರೆಯೇ ನಮ್ಮ ಲೇಖನ.
ಉಳಿದದ್ದು ನನ್ನ ವ್ಯಾಕರಣ.

ಶನಿವಾರ ಬಸ್ಸು ಹಿಡಿದು ಹೋದೆ.
ಹೊಗೆಯಾಡಿಸಿದ ಮೀನು, ಸಮೋವರಿನ ಚಹಾ.
ನಿಮ್ಮ ಹೆಸರು ಸೇರಿಸುತ್ತೇನೆ, ಎರಡನೆಯದಾಗಿ, ಅಂದೆ.
ದಾನ ಕೊಡುವವರ ದನಿ;
ನನಗೇ ಕೇಳಿಸಿತು.

ಅವಳು ಕನ್ನಡಕ ಹುಡುಕಿ ತಂದಳು.
ಹಾಳೆ ತಿರುವುತ್ತಾ ತಿರುವುತ್ತಾ ಒಂದು ಕಡೆ ಬೆರಳಿಟ್ಟಳು:
ಆರನೆಯ ಚಳಿಗಾಲ, ಫೆಬ್ರವರಿ,
ಒಂಬತ್ತು ದಿನ ಬರಿಯ ಅಡ್ಡಗೆರೆ.
ಕೆಳಗೆ ನಾನು ಬರೆದದ್ದು: 'ಉಪಕರಣ ದೋಷ'.

"ಉಪಕರಣ ಸರಿಯಿತ್ತು," ಅಂದಳು.
"ಸವ್ವಾತಿ ತೀರಿಕೊಂಡಿದ್ದ. ನಾನು ಹೋಗಲಿಲ್ಲ.
ಹೆಸರು ಹಾಕುವುದಾದರೆ
ಇದಕ್ಕೂ ನನ್ನದೇ ಹಾಕು."

ಎರಡನೆಯದೋ ಮೂರನೆಯದೋ, ಅದನ್ನು ಕೇಳಲೇ ಇಲ್ಲ.
ಹೊರಡುವಾಗ ಈರುಳ್ಳಿಯ ಜಡೆಯೊಂದನ್ನು
ನನ್ನ ಕೊರಳಿಗೇ ಹಾಕಿದಳು,
ಕೈ ಖಾಲಿ ಇರಲಿ, ಜಾರುತ್ತೆ, ಅಂತ.

ಅಡಿಟಿಪ್ಪಣಿ ಬಸ್ಸಿನಲ್ಲೇ ತಿದ್ದಿದೆ.
ಸಾಲು ಮಾತ್ರ ಹಾಗೇ ಇದೆ.
ಮೊದಲ ಜಾಗದಲ್ಲಿ ಕರ್ಸರು ಮಿಣುಕುತ್ತದೆ.
ನನ್ನ ಹೆಸರು ಎರಡೇ ಅಕ್ಷರ,
ಆಚೆ ಸರಿಸಲು ಒಂದು ಬೆರಳು ಸಾಕು.

ಬೆರಳು
ಬಿಳಿಯ ಮೇಲಿದೆಯೋ, ಕಪ್ಪಿನ ಮೇಲೋ
ನೋಡುತ್ತಾ ಕೂತಿದ್ದೇನೆ.