ಬಾಗಿಲಿನ ಬಣ್ಣದ ಕೆಳಗೆ

ಚಿತ್ರದಲ್ಲಿ ಕೂತವಳು ನನ್ನಕ್ಕ, ಸಿಡ್ಸೆಲ್.
ಕೆಳಗೆ ಹಿತ್ತಾಳೆ ಪಟ್ಟಿ: ‘ಹೊಲಿಯುವ ಹೆಂಗಸು, ಬೋರ್ನ್‌ಹಾಲ್ಮ್ ದ್ವೀಪ’.
ಸುಳ್ಳು.
ಆವತ್ತು ಅವಳು ಹೊಲಿಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು
ಅಪ್ಪನ ಕರಿಕೋಟಿನ ಹೊಲಿಗೆಯನ್ನು, ಒಂದೊಂದೇ ನೂಲು,
ನನಗೊಂದು ಲಂಗವಾಗಲೆಂದು.
ಕೈ ನೋಡಿ. ಬೆರಳ ನಡುವೆ ಇರುವುದು ಸೂಜಿಯಲ್ಲ,
ಮೀನು ಸೀಳುವ ಸಣ್ಣ ಚೂರಿಯ ಮೊನೆ.
ಕಲಾವಿದ ಅದನ್ನು ಕಂಡಿದ್ದ, ಕಂಡಂತೆಯೇ ಬರೆದ.
ಪಟ್ಟಿ ಬರೆದವರು ಬೇರೆ.

ನವೆಂಬರ್. ಹೆರಿಂಗ್ ಮೀನಿನ ಹೊಗೆಗೂಡು ಆರಿತ್ತು.
ಮೇಲಿನ ಕೋಣೆಗೆ ಬಾಡಿಗೆಗೆ ಬಂದವನು, ಹೆರ್ ಥ್ರೋನಿಂಗ್,
ವಾರಕ್ಕೆ ಎರಡು ಕ್ರೋನ, ಸೋಪಿನ ಖರ್ಚು ಬೇರೆ.
ಗೋಡೆಗೆ ಬೆಳಕು ಬೀಳುವುದೇ ಹತ್ತರಿಂದ ಹನ್ನೆರಡು,
ಅಷ್ಟರೊಳಗೆ ಅವನ ಕೆಲಸ, ಅಷ್ಟರೊಳಗೆ ನಮ್ಮ ಉಸಿರು.
‘ಅಲುಗಬೇಡಿ’ ಎನ್ನುತ್ತಿದ್ದ, ಮೆಲ್ಲಗೆ,
ಕೋಳಿ ಕಾವಿಗೆ ಕೂತಲ್ಲಿ ಮಾತಾಡುವವರ ಹಾಗೆ.

ನಾನೂ ಇದ್ದೆ. ಏಳು ವರ್ಷ.
ಅಕ್ಕನ ಪಕ್ಕ, ಕಾಲ್ಮಣೆಯ ಮೇಲೆ,
ಮಡಿಲಲ್ಲಿ ಕಾಫಿ ಬೀಸುವ ಗಿರಣಿ.
ಉಣ್ಣೆಯ ಕಾಲುಚೀಲ ಕಚ್ಚುತ್ತಿತ್ತು.
ಕೆರೆದೆ. ಮತ್ತೆ ಕೆರೆದೆ. ಖಾಲಿ ಗಿರಣಿಯನ್ನೇ
ತಿರುಗಿಸಿದೆ, ಗರ ಗರ ಗರ.
ಐದನೆಯ ದಿನ ಅವನು ಬೈಯಲಿಲ್ಲ.
ಚಪ್ಪಟೆ ಅಲಗು ತೆಗೆದು ನನ್ನನ್ನು ಹೆರೆದ,
ಬ್ರೆಡ್ಡಿನ ಮೇಲೆ ಹೆಚ್ಚಾದ ಬೆಣ್ಣೆ ಹೆರೆದಂತೆ,
ಮೊದಲು ಮುಖ, ಆಮೇಲೆ ಜಡೆ.
ಚಿಂದಿಗೆ ಒರೆಸಿದ. ನೋಡುತ್ತಲೇ ಇದ್ದೆ;
ಹೊಟ್ಟೆಯೊಳಗೆ ತಣ್ಣಗಾಯಿತು, ನಗುವೂ ಬಂತು.
ನಾನಿದ್ದಲ್ಲಿ ಒಂದು ಬಾಗಿಲು ಬರೆದ. ಬೂದುನೀಲಿ. ಮುಚ್ಚಿದ್ದು.

ನಮ್ಮ ಮನೆಯ ಆ ಗೋಡೆಗೆ ಬಾಗಿಲೇ ಇರಲಿಲ್ಲ.

ಈಗ ಕೋಪನ್‌ಹೇಗನ್ನಿನ ಈ ಹಾಲಿನಲ್ಲಿ
ಜನ ಆ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ.
‘ಎಷ್ಟು ಮೌನ!’ ಅನ್ನುತ್ತಾನೆ ಟೋಪಿ ಕೈಯಲ್ಲಿ ಹಿಡಿದ ಒಬ್ಬ.
‘ಆಚೆ ಯಾರೋ ಇದ್ದಾರೆ ಅನಿಸುತ್ತೆ’, ಅವನ ಹೆಂಡತಿ.
ಆಚೆಗಲ್ಲ ತಾಯಿ, ಕೆಳಗೆ.
ಎಣ್ಣೆಬಣ್ಣಕ್ಕೂ ವಯಸ್ಸಾದರೆ ಚರ್ಮ ತೆಳುವಾಗುತ್ತದಂತೆ,
ಕಾವಲುಗಾರ ಹೇಳಿದ.
ಬಗ್ಗಿ ನೋಡಿದರೆ ಕದದ ಕೆಳಮೂಲೆಯಲ್ಲಿ
ಕಂದು ಗೀಟೊಂದು ಮೇಲೇಳುತ್ತಿದೆ:
ಗಿರಣಿಯ ಹಿಡಿ.
ಬಲಗಾಲಿನಿಂದ ಎಡಗಾಲು ಕೆರೆದುಕೊಳ್ಳುತ್ತ
ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಲಂಗವೇ? ಆಯಿತು, ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ.
ಸೊಂಟದಲ್ಲಿ ಬಿಗಿ, ಅಂಚಿನಲ್ಲಿ ಉದ್ದ.
ಒಂದು ಜೇಬನ್ನು ಮಾತ್ರ ಅಕ್ಕ ಬಿಚ್ಚದೆ ಉಳಿಸಿದ್ದಳು;
ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ
ಬೆರಳಿಟ್ಟು ನೋಡಿದೆ,
ತಳದಲ್ಲಿ ತಂಬಾಕಿನ ಪುಡಿ.